ಸುದ್ದಿಯ ಕಮ್ಮಟ

ಕಳೆದ ಮಳೆಗಾಲ ಮುಗಿಯುತ್ತ ಬಂದ ಹೊತ್ತಿಗೆ ನಮ್ಮ ಬೆಳ್ಮಣ್ಣಿನ ಒಂದು ಸಭಾಭವನದಲ್ಲಿ ಸುತ್ತಮುತ್ತಲಿನ ಊರುಗಳ ವರದಿಗಾರರಿಗಾಗಿ ಒಂದು ದಿನದ ಕಮ್ಮಟ ನಡೆಯಿತು. ಸುದ್ದಿಯ ಭಾಷೆಯನ್ನು ಕುರಿತು ಒಂದು ಗಂಟೆ ಮಾತನಾಡಬೇಕೆಂದು ನನಗೆ ಕರೆ ಬಂದಿತ್ತು. ಕಾಲೇಜಿನಲ್ಲಿ ಕನ್ನಡ ಹೇಳುವವನಿಗೆ ಇಂಥ ಕರೆಗಳು ಹೊಸವೇನಲ್ಲ. ಆದರೆ ಈ ಕರೆಯನ್ನು ಒಪ್ಪಿಕೊಳ್ಳುವಾಗ ನನ್ನ ಮನಸ್ಸು ಸ್ವಲ್ಪ ಹಿಂದೆಗೆಯಿತು. ಅದಕ್ಕೊಂದು ಹಳೆಯ ಕಾರಣವಿದೆ. ಅದನ್ನು ಸಂದರ್ಭ ಬಂದಾಗ ಹೇಳುತ್ತೇನೆ.

‘ಕಮ್ಮಟ’ ಎಂಬ ಮಾತನ್ನು ಈಗ ನಾವು ತರಬೇತಿ ಶಿಬಿರ ಎಂಬ ಅರ್ಥದಲ್ಲಿ ಬಳಸುತ್ತೇವೆ. ಹಳೆಯ ಕನ್ನಡದಲ್ಲಿ ಕಮ್ಮಟವೆಂದರೆ ಟಂಕಸಾಲೆ, ನಾಣ್ಯ ಮುದ್ರಿಸುವ ಜಾಗ. ಅಲ್ಲಿ ಲೋಹವನ್ನು ಒರೆಹಚ್ಚಿ, ತೂಕ ನೋಡಿ, ಆಮೇಲೆ ಮುದ್ರೆ ಒತ್ತುತ್ತಿದ್ದರು. ಮುದ್ರೆ ಬಿದ್ದ ಮೇಲೆ ಆ ನಾಣ್ಯವನ್ನು ಜನ ನಂಬಿ ಕೈಯಿಂದ ಕೈಗೆ ದಾಟಿಸುತ್ತಿದ್ದರು; ಪ್ರತಿಯೊಬ್ಬನೂ ಮತ್ತೆ ಒರೆಹಚ್ಚುತ್ತ ಕೂಡುತ್ತಿರಲಿಲ್ಲ. ಅಚ್ಚಾದ ಸುದ್ದಿಯ ಸ್ಥಿತಿಯೂ ಇದೇ ಅಲ್ಲವೆ? ಪದಗಳ ಹುಟ್ಟನ್ನು ಬೆನ್ನಟ್ಟಿ ‘ಪದಾರ್ಥ ಚಿಂತಾಮಣಿ’ಯನ್ನು ಬರೆದ, ನಮ್ಮ ಉಡುಪಿಯವರೇ ಆದ ಪಾವೆಂ ಆಚಾರ್ಯರಿಗೆ ಈ ಹೋಲಿಕೆ ಹಿಡಿಸುತ್ತಿತ್ತೆಂದು ಅಂದುಕೊಂಡೇ ನಾನು ಮಾತು ಆರಂಭಿಸಿದೆ.

ಎದುರಿಗೆ ಮೂವತ್ತರ ಹತ್ತಿರ ಮಂದಿ ಇದ್ದರು. ಒಬ್ಬರು ಜೀವವಿಮೆಯ ಏಜೆಂಟರು, ಇನ್ನೊಬ್ಬರದು ಜೆರಾಕ್ಸ್ ಅಂಗಡಿ, ಮತ್ತೊಬ್ಬರು ಫೋಟೋ ಸ್ಟುಡಿಯೋ ಇಟ್ಟವರು. ಖಾಸಗಿ ಶಾಲೆಯ ಒಬ್ಬ ಶಿಕ್ಷಕಿ, ಅಡಿಕೆ ತೋಟ ನೋಡಿಕೊಳ್ಳುವ ಒಬ್ಬ ಯುವಕ. ಇವರೆಲ್ಲ ತಮ್ಮ ಕಸುಬಿನ ನಡುವೆ ಬಿಡುವು ಮಾಡಿಕೊಂಡು ಪತ್ರಿಕೆಗಳಿಗೆ ಸುದ್ದಿ ಕಳಿಸುವವರು. ನನ್ನ ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ನರೆತ ತಲೆಯ ಒಬ್ಬರು ಎದ್ದರು.

“ಮಾಷ್ಟ್ರೆ, ಮೂವತ್ತು ವರ್ಷದಿಂದ ಸುದ್ದಿ ಬರೀತಾ ಇದ್ದೇನೆ. ಹೀಗೆ ಕೂರಿಸಿ ಯಾರೂ ಹೇಳಿಕೊಟ್ಟದ್ದಿಲ್ಲ. ನಮ್ಮಿಂದ ಹಿಂದಿನವರು ಇದನ್ನೆಲ್ಲ ಎಲ್ಲಿ ಕಲಿತದ್ದು?”

ಆ ಹೊತ್ತಿಗೆ ನನಗೆ ತಕ್ಕ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಪತ್ರಿಕೆಗಳ ಇತಿಹಾಸವನ್ನು ನಾವು ಬರೆದಿದ್ದೇವೆ; ಸಂಪಾದಕರ ಜೀವನಚರಿತ್ರೆಗಳೂ ಇವೆ. ಆದರೆ ಪತ್ರಕರ್ತನು ತನ್ನ ಕೆಲಸವನ್ನು ಯಾರಿಂದ, ಎಲ್ಲಿ, ಹೇಗೆ ಕಲಿತ ಎಂಬ ಕಥೆಯನ್ನು ಅಷ್ಟಾಗಿ ಯಾರೂ ಹೇಳಿಲ್ಲ. ಈ ಲೇಖನ ಆ ಹಿರಿಯರಿಗೆ ನಾನು ತಡವಾಗಿ ಕೊಡುತ್ತಿರುವ ಉತ್ತರ.

ಕಥೆ ನಮ್ಮ ಕರಾವಳಿಯಲ್ಲಿಯೇ ಆರಂಭವಾಗುತ್ತದೆ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರು ಸಮಾಚಾರ’ವನ್ನು ಹೊರತಂದರು. ಕನ್ನಡದ ಮೊದಲ ಪತ್ರಿಕೆ ಎಂದು ಇದನ್ನೇ ಎಣಿಸಿ ಆ ದಿನವನ್ನು ಈಗ ನಾಡಿನಾದ್ಯಂತ ಪತ್ರಿಕಾ ದಿನವಾಗಿ ಆಚರಿಸುತ್ತಾರೆ. ಅದು ಪಾಕ್ಷಿಕ, ಕಲ್ಲಚ್ಚಿನಲ್ಲಿ ಮುದ್ರಿತವಾದದ್ದು. ಕಲ್ಲಚ್ಚಿನಲ್ಲಿ ಸೀಸದ ಮೊಳೆಗಳನ್ನು ಜೋಡಿಸುವ ಕೆಲಸವಿಲ್ಲ. ಅಕ್ಷರ ಬಲ್ಲವನೊಬ್ಬ ಇಡಿಯ ಪುಟವನ್ನು ಕೈಯಾರೆ ದುಂಡಗೆ ಬರೆಯಬೇಕು, ಆ ಬರಹ ಕಲ್ಲಿಗಿಳಿದು ಕಾಗದದ ಮೇಲೆ ಮೂಡಬೇಕು. ಹೀಗಾಗಿ ನಮ್ಮ ಮೊದಲ ಪತ್ರಿಕೆಯ ಹಿಂದೆ ಇಬ್ಬಗೆಯ ಕಲಿಕೆ ನಡೆದಿರಲೇಬೇಕು. 1836ರಲ್ಲಿ ಈ ದೇಶಕ್ಕೆ ಬಂದ ಜರ್ಮನ್ ಸಂಪಾದಕ ಇಲ್ಲಿಯವರ ಬಾಯಿಂದ ಕನ್ನಡವನ್ನು ಕಲಿತ. ಇಲ್ಲಿಯ ಕೈಗಳು ಅವನ ಯಂತ್ರವನ್ನು ಕಲಿತವು. ಗುರು ಶಿಷ್ಯನಾದ, ಶಿಷ್ಯ ಗುರುವಾದ.

ಆ ಪತ್ರಿಕೆಯಲ್ಲಿ ಊರ ವರ್ತಮಾನವಿತ್ತು, ಸರಕಾರದ ನಿರೂಪಗಳಿದ್ದವು, ಪರದೇಶದ ಸುದ್ದಿಯಿತ್ತು, ಕಥೆಗಳೂ ಇದ್ದವು. ಮತಪ್ರಚಾರಕರ ಉದ್ದೇಶವೂ ಅದರ ಹಿಂದಿತ್ತೆಂಬುದನ್ನು ಮರೆಯುವಂತಿಲ್ಲ. ಆದರೂ ಇಂಥ ಸುದ್ದಿಯನ್ನು ಇಂಥ ತಲೆಬರಹದಡಿ ಇಡಬೇಕು, ಸರಕಾರ ಹೇಳಿದ್ದು ಬೇರೆ, ಊರಿನಲ್ಲಿ ನಡೆದದ್ದು ಬೇರೆ ಎಂಬ ವಿಂಗಡಣೆಯ ಮೊದಲ ಪಾಠ ಕನ್ನಡದಲ್ಲಿ ಅಚ್ಚಾದದ್ದು ಅಲ್ಲಿಯೇ. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಎಂಬ ಹೆಸರು ತಳೆಯಿತು. ಹೆಚ್ಚು ಕಾಲ ಅದು ಬಾಳಲಿಲ್ಲ. ಆದರೆ ಬಾಸೆಲ್ ಮಿಷನ್ನಿನ ಮುದ್ರಣಾಲಯ ಮಂಗಳೂರಿನಲ್ಲಿ ಬೆಳೆಯಿತು. ಅಚ್ಚಿನ ಕೆಲಸ ಬಲ್ಲವರ ಒಂದು ಪರಂಪರೆಯೂ ಈ ತೀರದಲ್ಲಿ ಬೇರೂರಿತು.

ಇನ್ನೊಂದು ಪ್ರಸಂಗ ಬೆಳ್ಮಣ್ಣಿಗೆ ತೀರ ಸಮೀಪದ್ದು. ನಮ್ಮ ಪಕ್ಕದ ನಂದಳಿಕೆಯವನು ಮುದ್ದಣ. ನಂದಳಿಕೆ ಲಕ್ಷ್ಮೀನಾರಣಪ್ಪ, 1870ರಿಂದ 1901ರ ವರೆಗೆ ಬದುಕಿದ್ದವನು. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದ ಈ ಬಡ ಕವಿ ತನ್ನ ಕೃತಿಗಳನ್ನು ಹಳೆಯ ಕಾಲದ ಯಾವನೋ ಕವಿಯವೆಂಬಂತೆ ಮೈಸೂರಿಗೆ ಅಂಚೆಯಲ್ಲಿ ಕಳಿಸಿದ. ಹಳೆಯ ಕಾವ್ಯಗಳನ್ನು ಪ್ರಕಟಿಸುತ್ತಿದ್ದ ‘ಕಾವ್ಯಮಂಜರಿ’, ‘ಕಾವ್ಯಕಲಾನಿಧಿ’ ಪತ್ರಿಕೆಗಳು ಅವನ್ನು ಹಳೆಯವೆಂದೇ ನಂಬಿ ಅಚ್ಚುಹಾಕಿದವು. ಕನ್ನಡಕ್ಕೆ ಲಾಭವೇ ಆಯಿತು. ‘ರಾಮಾಶ್ವಮೇಧ’ ನಮಗೆ ದಕ್ಕಿತು. ಆದರೆ ಪತ್ರಕರ್ತನ ಕಣ್ಣಿನಿಂದ ನೋಡಿದರೆ ಇಲ್ಲೊಂದು ಪಾಠವಿದೆ. ನಗರದಲ್ಲಿ ಕುಳಿತ ವಿದ್ವಾಂಸನಾದ ಸಂಪಾದಕನಿಗೂ ದೂರದ ಹಳ್ಳಿಯಿಂದ ಬಂದ ಲಕೋಟೆಯ ಒಳಗಿರುವುದು ನಿಜವೆಷ್ಟು ಎಂದು ಪರೀಕ್ಷಿಸುವ ಉಪಾಯವಿರಲಿಲ್ಲ. ಲಕೋಟೆ ಕಳಿಸಿದವನ ಮಾತೇ ಪ್ರಮಾಣ. ಮುದ್ದಣ ಕಳಿಸಿದ್ದು ಕಾವ್ಯ. ಅದರಿಂದ ಯಾರಿಗೂ ಕೇಡಾಗಲಿಲ್ಲ. ಅದೇ ಲಕೋಟೆಯಲ್ಲಿ ಸುದ್ದಿ ಇದ್ದಿದ್ದರೆ?

ಇಪ್ಪತ್ತನೆಯ ಶತಮಾನ ಕಾಲಿಟ್ಟಾಗ ಮಂಗಳೂರು, ಉಡುಪಿಗಳಲ್ಲಿ ವಾರಪತ್ರಿಕೆಗಳು ಒಂದರ ಹಿಂದೊಂದು ಹುಟ್ಟಿದವು. ಆ ಕಾಲದ ಪತ್ರಿಕಾಲಯವೆಂದರೆ ಮುಂದೆ ಒಂದು ಮೇಜು, ಹಿಂದೆ ಅಚ್ಚಿನ ಮನೆ. ಸಂಪಾದಕನೇ ಅಗ್ರಲೇಖನ ಬರೆಯಬೇಕು, ಅವನೇ ಕರಡು ತಿದ್ದಬೇಕು, ಚಂದಾದಾರರಿಗೆ ವಿಳಾಸ ಬರೆದು ಪತ್ರಿಕೆ ಅಂಚೆಗೆ ಹಾಕುವುದೂ ಹಲವೊಮ್ಮೆ ಅವನ ಪಾಲಿಗೇ. ಅಲ್ಲಿ ಕಲಿಯಬಂದ ಹುಡುಗನಿಗೆ ಪಠ್ಯಕ್ರಮವೆಂಬುದಿಲ್ಲ. ಮೊದಲು ಕರಡಚ್ಚನ್ನು ಮೂಲದೊಡನೆ ಹೋಲಿಸಿ ಓದಬೇಕು. ಆಮೇಲೆ ಇಂಗ್ಲಿಷ್ ಪತ್ರಿಕೆಯ ತಂತಿಸುದ್ದಿಯನ್ನು ಕನ್ನಡಿಸಬೇಕು. ಬಳಿಕ ಸಣ್ಣ ಸುದ್ದಿಯೊಂದನ್ನು ಸ್ವತಃ ಬರೆಯಬೇಕು. ಬರೆದದ್ದು ಸಂಪಾದಕರ ಕೆಂಪು ಮಸಿಯಲ್ಲಿ ಮಿಂದು ಬರುವುದು. ಯಾವ ಪದ ಹೋಯಿತು, ಯಾಕೆ ಹೋಯಿತು ಎಂದು ನೋಡಿಕೊಳ್ಳುವುದೇ ವಿದ್ಯೆ.

ಕಡೆಂಗೋಡ್ಲು ಶಂಕರಭಟ್ಟರ ನೆನಪು ಇಲ್ಲಿ ಬರಲೇಬೇಕು. 1904ರಲ್ಲಿ ಹುಟ್ಟಿ 1968ರಲ್ಲಿ ತೀರಿಕೊಂಡ ಈ ಕವಿಗಳು ಮಂಗಳೂರಿನ ‘ರಾಷ್ಟ್ರಬಂಧು’ವಿನ ಸಂಪಾದಕರಾಗಿದ್ದರು, ಅಲ್ಲಿಯ ಸೇಂಟ್ ಆಗ್ನೆಸ್ ಕಾಲೇಜಿನಲ್ಲಿ ಕನ್ನಡವನ್ನೂ ಕಲಿಸಿದರು. 1965ರಲ್ಲಿ ಕಾರವಾರದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಕವಿತೆ, ತರಗತಿ, ಪತ್ರಿಕೆ ಈ ಮೂರೂ ಒಬ್ಬನ ಕೈಯಲ್ಲಿಯೇ ಇದ್ದ ಕಾಲವದು. ಹಾಗಿದ್ದುದರಿಂದ ಪತ್ರಿಕೆಯ ಭಾಷೆ ಹದಗೆಟ್ಟರೆ ಕನ್ನಡ ಮೇಷ್ಟರು ದೂರ ನಿಂತು ಮೂಗು ಮುರಿಯುವಂತಿರಲಿಲ್ಲ. ಆ ಹೊಣೆ ಅವರದ್ದೂ ಆಗಿತ್ತು.

ನಾನು ಆರಂಭದಲ್ಲಿ ಹೆಸರಿಸಿದ ಪಾವೆಂ ಆಚಾರ್ಯರೂ ಈ ಪರಂಪರೆಯವರೇ. 1915ರಲ್ಲಿ ಉಡುಪಿಯಲ್ಲಿ ಹುಟ್ಟಿದ ಅವರಿಗೆ ಕಾಲೇಜಿನ ಮೆಟ್ಟಿಲು ಹತ್ತುವ ಅನುಕೂಲ ಒದಗಲಿಲ್ಲ. ಉಡುಪಿಯ ‘ಅಂತರಂಗ’ ವಾರಪತ್ರಿಕೆಯಲ್ಲಿ ಕೈ ಪಳಗಿಸಿಕೊಂಡು, ಹುಬ್ಬಳ್ಳಿಗೆ ಹೋಗಿ, ‘ಕಸ್ತೂರಿ’ ಮಾಸಪತ್ರಿಕೆಯನ್ನು ಮನೆಮನೆಯ ಮಾತಾಗಿಸಿದರು. ಲಾಂಗೂಲಾಚಾರ್ಯ ಎಂಬ ಹೆಸರಿನಲ್ಲಿ ಹರಟೆಗಳನ್ನೂ ಬರೆದರು. ಓದುವ ಹಸಿವೊಂದೇ ಅವರ ವಿಶ್ವವಿದ್ಯಾನಿಲಯ. ಆದರೆ ಎಲ್ಲರೂ ಪಾವೆಂ ಆಗಲಾರರು. ಗುರುವಿಲ್ಲದೆ ಕಲಿತ ಒಬ್ಬನನ್ನು ತೋರಿಸಿ ಗುರುವೇ ಬೇಡವೆನ್ನುವುದು ನಮ್ಮಲ್ಲಿ ಬಹಳ ಕಾಲದಿಂದ ನಡೆದುಬಂದ ತಪ್ಪು ವಾದ.

ಕನ್ನಡ ಪತ್ರಕರ್ತನ ಕೆಲಸವನ್ನು ಕೈಚಳಕ ಮಾತ್ರವಲ್ಲ, ಒಂದು ಧರ್ಮವೆಂದು ಕೂಡ ನಿರೂಪಿಸಿದವರಲ್ಲಿ ಡಿ. ವಿ. ಗುಂಡಪ್ಪನವರು ಅಗ್ರಗಣ್ಯರು. ಮೆಟ್ರಿಕ್ಯುಲೇಶನ್ ತೇರ್ಗಡೆಯಾಗದ ಡಿ.ವಿ.ಜಿ. 1913ರಲ್ಲಿ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದರು. 1928ರಲ್ಲಿ ಬಾಗಲಕೋಟೆಯಲ್ಲಿ ಕೂಡಿದ ಕರ್ನಾಟಕ ವೃತ್ತಪತ್ರಿಕಾಕರ್ತರ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ‘ವೃತ್ತಪತ್ರಿಕೆ’ ಎಂಬ ಅವರ ಪುಸ್ತಕ ಈ ವಿಷಯವಾಗಿ ಕನ್ನಡದಲ್ಲಿ ಬಂದ ಮೊದಮೊದಲ ಗಂಭೀರ ಗ್ರಂಥಗಳಲ್ಲೊಂದು. ಬೇರೆ ಬೇರೆ ಸರಕಾರಗಳ ಕೆಳಗೆ ಹರಿದು ಹಂಚಿಹೋಗಿದ್ದ ಕನ್ನಡ ನಾಡಿನ ಪತ್ರಕರ್ತರು ಒಂದೆಡೆ ಕಲೆತು ತಮ್ಮ ಕಸುಬಿನ ವಿಚಾರ ಮಾತನಾಡಿದರೆಂಬುದೇ ಅಂದಿಗೆ ದೊಡ್ಡ ಸಂಗತಿ. ಇಂದಿನ ಕಮ್ಮಟಗಳಿಗೆ ಹಿರಿಯಜ್ಜನನ್ನು ಹುಡುಕುವುದಾದರೆ ಇಂಥ ಸಮ್ಮೇಳನಗಳಲ್ಲಿಯೇ ಹುಡುಕಬೇಕು.

ಅಷ್ಟರಲ್ಲಿ ಹೊರ ಜಗತ್ತಿನಲ್ಲಿ ಪತ್ರಿಕಾವೃತ್ತಿ ವಿಶ್ವವಿದ್ಯಾನಿಲಯವನ್ನು ಹೊಕ್ಕಿತ್ತು. ಅಮೆರಿಕದ ಮಿಸ್ಸೂರಿಯಲ್ಲಿ 1908ರಲ್ಲಿ ಇದಕ್ಕೆಂದೇ ಒಂದು ಶಾಲೆ ತೆರೆಯಿತು. ಪತ್ರಿಕೆಗಳ ಒಡೆಯನಾಗಿದ್ದ ಜೋಸೆಫ್ ಪುಲಿಟ್ಜರ್ ಬಿಟ್ಟುಹೋದ ಹಣದಿಂದ 1912ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಇನ್ನೊಂದು ಶಾಲೆ ಹುಟ್ಟಿತು. ಪತ್ರಕರ್ತ ಹುಟ್ಟಿನಿಂದಲೇ ಪತ್ರಕರ್ತ, ಅವನನ್ನು ಕಲಿಸಿ ಮಾಡುವುದಕ್ಕಾಗದು ಎಂಬ ವಾದ ಆಗಲೂ ಇತ್ತು. ವೈದ್ಯನೂ ವಕೀಲನೂ ಕಲಿತೇ ಆಗುವಾಗ ಲೋಕಕ್ಕೆ ಸುದ್ದಿ ಹೇಳುವವನು ಮಾತ್ರ ಕಲಿಯದೆ ಏಕೆ ಇರಬೇಕು ಎಂಬುದು ಮರುವಾದ. ನಮ್ಮ ದೇಶದಲ್ಲಿ 1941ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯದಲ್ಲಿ ಪೃಥ್ವೀಪಾಲ್ ಸಿಂಗರು ಪತ್ರಿಕೋದ್ಯಮ ವಿಭಾಗ ಆರಂಭಿಸಿದರು. ದೇಶ ಒಡೆದಾಗ ಆ ವಿಭಾಗವೂ ಗಡಿ ದಾಟಿ ದಿಲ್ಲಿಗೆ ಬಂತು.

ಕನ್ನಡ ನಾಡಿನಲ್ಲಿ ಆ ಕೀರ್ತಿ ಮೈಸೂರಿನದು. 1951ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಪತ್ರಿಕೋದ್ಯಮ ವಿಭಾಗ ಮೊದಲಾಯಿತು. ಅದನ್ನು ಕಟ್ಟಿ ಬೆಳೆಸಿದವರು ನಾಡಿಗ ಕೃಷ್ಣಮೂರ್ತಿಗಳು. ಭಾರತದ ಪತ್ರಿಕೋದ್ಯಮದ ಇತಿಹಾಸವನ್ನು ಅವರು ಇಂಗ್ಲಿಷಿನಲ್ಲಿ ಬರೆದರು. ಮೈಸೂರು ವಿಶ್ವವಿದ್ಯಾನಿಲಯ ಅದನ್ನು 1966ರಲ್ಲಿ ಪ್ರಕಟಿಸಿತು. ಅಲ್ಲಿಂದ ಮುಂದೆ ವರದಿ, ಸಂಪಾದನೆ, ಪತ್ರಿಕಾ ಕಾನೂನು, ಇವು ಪರೀಕ್ಷೆಗೆ ಕುಳಿತು ಉತ್ತರ ಬರೆಯುವ ವಿಷಯಗಳಾದವು. ಈಗ ನಮ್ಮ ಸುತ್ತಲೂ ಇಂಥ ವಿಭಾಗಗಳಿವೆ. ಕೊಣಾಜೆಯಲ್ಲಿದೆ, ಉಜಿರೆಯಲ್ಲಿದೆ, ಮೂಡುಬಿದಿರೆಯಲ್ಲಿದೆ. ಮಣಿಪಾಲದಲ್ಲಿ 1997ರಲ್ಲಿ ಇದಕ್ಕೆಂದೇ ಪ್ರತ್ಯೇಕ ಸಂಸ್ಥೆಯೊಂದು ಆರಂಭವಾಯಿತು.

ಇನ್ನು, ಈಗಾಗಲೇ ಕೆಲಸದಲ್ಲಿರುವ ಪತ್ರಕರ್ತನ ವಿಚಾರ. ನ್ಯಾಯಮೂರ್ತಿ ರಾಜಾಧ್ಯಕ್ಷರ ಮೊದಲ ಪತ್ರಿಕಾ ಆಯೋಗ 1952ರಲ್ಲಿ ನೇಮಕವಾಗಿ 1954ರಲ್ಲಿ ವರದಿ ಕೊಟ್ಟಿತು. ಅದರ ಬೆನ್ನಿಗೆ 1955ರಲ್ಲಿ ಕಾರ್ಯನಿರತ ಪತ್ರಕರ್ತರ ಕಾಯ್ದೆ ಬಂತು. ಸಂಬಳ, ಕೆಲಸದ ವೇಳೆ, ರಜೆ, ಇವಕ್ಕೆಲ್ಲ ಮೊದಲ ಬಾರಿಗೆ ಒಂದು ನೆಲೆ ದೊರೆಯಿತು. 1963ರಲ್ಲಿ ದಿಲ್ಲಿಯಲ್ಲಿ ಭಾರತೀಯ ಪತ್ರಿಕಾ ಸಂಸ್ಥೆ ಹುಟ್ಟಿತು. ಚಂಚಲ್ ಸರ್ಕಾರ್ ಅದರ ಮೊದಲ ನಿರ್ದೇಶಕರು. ಕೆಲಸದಲ್ಲಿರುವವರನ್ನೇ ಕೆಲವು ದಿನ ಕೂಡಿಸಿ, ಅವರ ಅನುಭವವನ್ನೇ ಪಾಠವಾಗಿಸುವ ಪದ್ಧತಿ ಇಂಥ ಸಂಸ್ಥೆಗಳಿಂದ ರೂಢಿಗೆ ಬಂತು. ನಮ್ಮ ಬೆಳ್ಮಣ್ಣಿನ ಸಭಾಭವನದಲ್ಲಿ ನಡೆದದ್ದು ಅದರ ಮೊಮ್ಮಗು ಎನ್ನಬಹುದು.

ಆದರೆ ಆ 1955ರ ಕಾಯ್ದೆಯಲ್ಲಿ ಒಂದು ಮಾತಿತ್ತು. ಪತ್ರಿಕಾ ಕೆಲಸ ಯಾರಿಗೆ ಮುಖ್ಯ ವೃತ್ತಿಯೋ ಅವನೇ ಕಾರ್ಯನಿರತ ಪತ್ರಕರ್ತ. ಇದು ಸರಿಯಾದ ಮಾತೇ. ಕಾಯ್ದೆಗೆ ಎಲ್ಲಿಯಾದರೂ ಒಂದು ಗಡಿ ಬೇಕಲ್ಲ. ಆದರೆ ಆ ಗಡಿಯ ಆಚೆಗೆ ಉಳಿದವರು ಯಾರು? ಜೀವವಿಮೆಯ ಏಜೆಂಟರು, ಜೆರಾಕ್ಸ್ ಅಂಗಡಿಯವರು, ಶಾಲೆಯ ಶಿಕ್ಷಕಿ. ಮುಖ್ಯ ವೃತ್ತಿ ಬೇರೆ ಇಟ್ಟುಕೊಳ್ಳದೆ ಅವರು ಬದುಕುವುದು ಹೇಗೆ? ಪತ್ರಿಕೆ ಕೊಡುವ ಗೌರವಧನ ಬೈಕಿನ ಪೆಟ್ರೋಲಿಗೆ ಸಾಲದು. 2020ರಲ್ಲಿ ಸಂಸತ್ತು ಒಪ್ಪಿದ ಕಾರ್ಮಿಕ ಸಂಹಿತೆಯೊಂದು ಈ ಹಳೆಯ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿತು. ಕಾಯ್ದೆಯ ಹೆಸರು ಬದಲಾದರೂ ಹಳ್ಳಿಯ ವರದಿಗಾರ ನಿಂತ ಜಾಗ ಬದಲಾದದ್ದನ್ನು ನಾನು ಕಾಣೆ.

ಇವರ ಪಾತ್ರ ಸಣ್ಣದಲ್ಲ. 1970ರ ಜನವರಿ 1ರಂದು ಮಣಿಪಾಲದಿಂದ ‘ಉದಯವಾಣಿ’ ಹೊರಬಂತು. ಅದಕ್ಕೆ ಮೊದಲು ವಿ. ಎಸ್. ಕುಡ್ವರ ‘ನವಭಾರತ’ ಮಂಗಳೂರಿನಿಂದ ಬರುತ್ತಿತ್ತು. ಆದರೆ ಊರೂರಿನ ದೇವಸ್ಥಾನದ ಜಾತ್ರೆ, ಶಾಲೆಯ ವಾರ್ಷಿಕೋತ್ಸವ, ಯಕ್ಷಗಾನದ ಮೇಳ, ಕುಸಿದ ಕಾಲುಸಂಕ, ಇವೆಲ್ಲ ದಿನಪತ್ರಿಕೆಯ ಸುದ್ದಿಯಾಗಬಲ್ಲವು ಎಂಬುದನ್ನು ನಮ್ಮ ಕಡೆಯ ಜನಕ್ಕೆ ದಿನದಿನವೂ ತೋರಿಸಿದ್ದು ಮಣಿಪಾಲದ ಪತ್ರಿಕೆ. ಅದಕ್ಕೆ ಊರೂರಿನಲ್ಲೂ ಒಬ್ಬ ಬರೆಯುವವ ಬೇಕಾಯಿತು. ಬರೆದ ಸುದ್ದಿಯನ್ನು ಕವರಿನಲ್ಲಿ ಹಾಕಿ ಸಂಜೆಯ ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟರೆ ಅದು ಪತ್ರಿಕಾಲಯ ಸೇರುತ್ತಿತ್ತು. ಮಾರನೆಯ ದಿನ ಅಚ್ಚಾದದ್ದನ್ನು ತಾನು ಬರೆದದ್ದರ ಪ್ರತಿಯೊಡನೆ ಹೋಲಿಸಿ ನೋಡಿದವನು ಅಷ್ಟರ ಮಟ್ಟಿಗೆ ಕಲಿತ. ನೋಡದವನು ಕಲಿಯಲಿಲ್ಲ. ಹಳೆಯ ಕೆಂಪು ಮಸಿಯ ಶಾಲೆ ಹಳ್ಳಿಗೆ ಉಳಿದದ್ದು ಇಷ್ಟೇ ರೂಪದಲ್ಲಿ.

1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಮಂಗಳೂರಿನಲ್ಲಿ ‘ಮುಂಗಾರು’ ದಿನಪತ್ರಿಕೆಯನ್ನು ಆರಂಭಿಸಿದರು. ‘ಪ್ರಜಾವಾಣಿ’ಯಲ್ಲಿ ಹೆಸರು ಮಾಡಿದ್ದ ಅವರು ಓದುಗರಿಂದಲೇ ಬಂಡವಾಳ ಕೂಡಿಸಿ, ಅನುಭವವಿಲ್ಲದ ಎಳೆಯರನ್ನು ಜತೆಗಿಟ್ಟುಕೊಂಡು ಪತ್ರಿಕೆ ನಡೆಸಿದರು. ಪತ್ರಿಕೆ ಬಹುಕಾಲ ಬಾಳಲಿಲ್ಲ. ಆದರೆ ಅಲ್ಲಿ ಕೆಲಸ ಕಲಿತವರು ಮುಂದೆ ನಾಡಿನ ಬೇರೆ ಬೇರೆ ಪತ್ರಿಕೆಗಳಲ್ಲಿ ಹೆಸರಾದರು. ನಮ್ಮ ಕಾಪು ಕಡೆಯ ದಿನೇಶ್ ಅಮೀನ್ ಮಟ್ಟು ಅವರಲ್ಲೊಬ್ಬರು. ‘ಮುಂಗಾರು’ವನ್ನು ಇಂದಿಗೂ ಕರಾವಳಿಯಲ್ಲಿ ಪತ್ರಿಕೆಯೆನ್ನುವುದಕ್ಕಿಂತ ಪಾಠಶಾಲೆಯೆಂದು ನೆನೆಯುವವರು ಹೆಚ್ಚು. ಲೆಕ್ಕದ ಪುಸ್ತಕದಲ್ಲಿ ನಷ್ಟವಾದದ್ದು ಬೇರೆಡೆ ಲಾಭವಾಗುವ ರೀತಿ ಇದು.

ಈಗ ನನ್ನ ಸಂಗತಿಗೆ ಬರುತ್ತೇನೆ.

2002ರ ಮಳೆಗಾಲ. ನನಗಾಗ ಇಪ್ಪತ್ತೆರಡರ ಆಸುಪಾಸು. ಓದಿನ ನಡುವೆ ಪತ್ರಿಕೆಯೊಂದಕ್ಕೆ ಬೆಳ್ಮಣ್ಣು ಸುತ್ತಿನ ಸುದ್ದಿ ಕಳಿಸುತ್ತಿದ್ದೆ. ಒಂದು ಸಂಜೆ ಕಾರ್ಕಳದ ದಾರಿಯ ತಿರುವೊಂದರಲ್ಲಿ ಲಾರಿಗೆ ಬೈಕು ಬಡಿದು ಬೈಕಿನವರು ಆಸ್ಪತ್ರೆಯ ದಾರಿಯಲ್ಲೇ ತೀರಿಕೊಂಡರು. ನಾನು ಹೋಗುವಷ್ಟರಲ್ಲಿ ಜನ ಚದುರಿದ್ದರು. ಉಳಿದವರೊಬ್ಬರು ಹೆಸರು, ಊರು ಹೇಳಿದರು. ಆ ಊರಿನಲ್ಲಿ ಆ ಹೆಸರಿನವರು ನನಗೆ ಗೊತ್ತಿದ್ದವರು ಒಬ್ಬರೇ. ಕೊನೆಯ ಬಸ್ಸಿಗೆ ಅರ್ಧ ಗಂಟೆ ಉಳಿದಿತ್ತು. ನನಗೆ ಗೊತ್ತಿದ್ದವರ ಮನೆಯ ಹೆಸರು, ಅಂದಾಜು ವಯಸ್ಸು, ಪತ್ನಿ ಹಾಗೂ ಇಬ್ಬರು ಮಕ್ಕಳನ್ನು ಅಗಲಿದ್ದಾರೆಂಬ ವಾಕ್ಯ, ಎಲ್ಲವನ್ನೂ ಸೇರಿಸಿ ಬರೆದು ಕವರು ಕೊಟ್ಟೆ. ಮಾರನೆಯ ದಿನ ಸುದ್ದಿ ಒಂದಕ್ಷರವೂ ತಪ್ಪದೆ ಅಚ್ಚಾಯಿತು.

ಆ ಊರಿನಲ್ಲಿ ಆ ಹೆಸರಿನವರು ಇಬ್ಬರಿದ್ದರು. ತೀರಿಕೊಂಡವರು ಇನ್ನೊಬ್ಬರು.

ಬದುಕಿದ್ದವರ ಮನೆಯ ಅಂಗಳಕ್ಕೆ ಬೆಳಗಾಗುತ್ತಲೇ ಜನ ಬಂದು ನಿಂತರು. ಅವರ ಮನೆಯಲ್ಲಿ ಫೋನು ಇರಲಿಲ್ಲ. ಯಾರೋ ಪತ್ರಿಕೆ ಓದಿ ಮುಂಬಯಿಯಲ್ಲಿದ್ದ ತಮ್ಮನಿಗೆ ತಿಳಿಸಿದರು. ಅವನು ಸಿಕ್ಕಿದ ಬಸ್ಸು ಹತ್ತಿ ಬಂದಿಳಿದಾಗ ಅಣ್ಣ ಚಾವಡಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದರಂತೆ. ಇದನ್ನು ಹೇಳಿ ನಕ್ಕವರೂ ಇದ್ದರು. ನಗಲಾಗದ ಸಂಗತಿ ಬೇರೆಯಿತ್ತು. ನಿಜವಾಗಿ ತೀರಿಕೊಂಡವರು ಕೂಲಿ ಮಾಡಿ ಬದುಕುತ್ತಿದ್ದವರು. ಸಾವಿನ ಮನೆಗೆ ಬರಬೇಕಾಗಿದ್ದ ಎಷ್ಟೋ ಜನ ಅಂದು ಬೇರೆ ಮನೆಯ ಅಂಗಳದಲ್ಲಿದ್ದರು. ಪತ್ರಿಕೆ ಮರುದಿನ ಮೂರು ಸಾಲಿನ ತಿದ್ದುಪಡಿ ಹಾಕಿತು. ಕೆಲವು ದಿನ ಕಳೆದು ಆ ಬದುಕಿದ್ದವರು ಪೇಟೆಯಲ್ಲಿ ನನಗೆ ಎದುರಾದರು. ಗದರಲಿಲ್ಲ.

“ನಿನಗೆ ನಮ್ಮ ಮನೆ ದಾರಿ ಗೊತ್ತಿತ್ತಲ್ಲ ಮಾರಾಯ, ಒಮ್ಮೆ ಬಂದು ನೋಡಬಹುದಿತ್ತು” ಎಂದರು.

ಅಂದಿನಿಂದ ನಾನು ಸುದ್ದಿ ಬರೆಯಲಿಲ್ಲ. ಕಮ್ಮಟದ ಕರೆ ಬಂದಾಗ ಮನಸ್ಸು ಹಿಂದೆಗೆದದ್ದು ಇದಕ್ಕೆ. ತಪ್ಪು ನನ್ನದು, ಅದನ್ನು ಇನ್ನೊಬ್ಬರ ಮೇಲೆ ಹೊರಿಸುವುದಿಲ್ಲ. ಆದರೂ ಇಷ್ಟು ವರ್ಷಗಳ ಮೇಲೆ ಇತಿಹಾಸವನ್ನು ಹಿಂತಿರುಗಿ ನೋಡುವಾಗ ಒಂದು ಮಾತು ಹೊಳೆಯುತ್ತದೆ. ನಾನು ತಪ್ಪಿದ್ದು ಅರಿಯದೆ ಅಲ್ಲ, ಅರಿತಿದ್ದೇನೆಂದು ತಿಳಿದು. ಗೊತ್ತಿದ್ದುದನ್ನೇ ಇನ್ನೊಮ್ಮೆ ಕೇಳು ಎಂದು ಹೇಳಿಕೊಡುವವರು ಬೇಕಿತ್ತು. ಕಲ್ಲಚ್ಚಿನ ಕಾಲದಿಂದ ಮಣಿಪಾಲದ ಸಂಸ್ಥೆಯ ತನಕ ಕಲಿಕೆಯ ಎಷ್ಟೆಲ್ಲ ಮನೆಗಳು ಎದ್ದವು! ಅವುಗಳಲ್ಲಿ ಯಾವುದರ ಬಾಗಿಲೂ ಬಸ್ಸಿನಲ್ಲಿ ಕವರು ಕಳಿಸುವವನ ಕಡೆಗೆ ತೆರೆದಿರಲಿಲ್ಲ. ವಿಶ್ವವಿದ್ಯಾನಿಲಯ ಶುಲ್ಕ ಕಟ್ಟಿ ಸೇರಿದವನಿಗೆ. ಕಾಯ್ದೆ ಮುಖ್ಯ ವೃತ್ತಿಯವನಿಗೆ. ಕೆಂಪು ಮಸಿ ಸಂಪಾದಕರ ಎದುರು ಕೂತವನಿಗೆ. ನಂದಳಿಕೆಯ ಲಕೋಟೆಯನ್ನು ಮೈಸೂರು ಹೇಗೆ ನಂಬಿತೋ ನನ್ನ ಕವರನ್ನೂ ಪತ್ರಿಕೆ ಹಾಗೆಯೇ ನಂಬಿತು.

ಈಗ ಆ ಕವರೂ ಇಲ್ಲ. ಕೈಯಲ್ಲಿರುವ ಮೊಬೈಲಿನಲ್ಲಿ ಒತ್ತಿದರೆ ಸುದ್ದಿ ಹೋಯಿತು. ಅಂದು ನನಗೆ ಅರ್ಧ ಗಂಟೆಯಾದರೂ ಇತ್ತು. ಇಂದಿನ ಯುವಕನಿಗೆ ಅರ್ಧ ನಿಮಿಷವೂ ಇಲ್ಲ. ಅವನಿಗಿಂತ ಮೊದಲೇ ಊರಿನ ನಾಲ್ಕು ವಾಟ್ಸಾಪ್ ಗುಂಪುಗಳಲ್ಲಿ ಹೆಸರು ಓಡಾಡಿರುತ್ತದೆ. ಆದುದರಿಂದ ಒರೆಹಚ್ಚುವ ವಿದ್ಯೆ ಎಂದಿಗಿಂತ ಹೆಚ್ಚು ಬೇಕಾಗಿದೆ.

ಅಂದಿನ ಕಮ್ಮಟದಲ್ಲಿ ನಾವು ದೊಡ್ಡ ಸಿದ್ಧಾ೦ತಗಳನ್ನು ಹೇಳಲಿಲ್ಲ. ಮೂರು ಅಭ್ಯಾಸ ಮಾಡಿಸಿದೆವು. ಮೊದಲನೆಯದು, ಪೊಲೀಸ್ ಠಾಣೆಯಿಂದ ಬರುವ ವಾಕ್ಯ. ‘ಅತಿವೇಗ ಹಾಗೂ ಅಜಾಗರೂಕತೆಯಿಂದ ಚಲಾಯಿಸಿದ ಪರಿಣಾಮ’ ಎಂದು ನಾವು ದಿನವೂ ಓದುತ್ತೇವೆ. ಅದು ದೂರಿನಲ್ಲಿರುವ ಆರೋಪ, ನ್ಯಾಯಾಲಯದ ತೀರ್ಮಾನವಲ್ಲ. ‘ಎಂದು ದೂರಿನಲ್ಲಿ ಹೇಳಲಾಗಿದೆ’ ಎಂಬ ಮೂರು ಮಾತು ಸೇರಿಸಿದರೆ ಒಬ್ಬ ಚಾಲಕನ ಮಾನ ಉಳಿಯುತ್ತದೆ. ಎರಡನೆಯದು, ನಮ್ಮ ಕಡೆಗೇ ವಿಶಿಷ್ಟವಾದದ್ದು. ಇಲ್ಲಿಯ ವರದಿಗಾರ ಸುದ್ದಿಯನ್ನು ಕೇಳುವುದು ತುಳುವಿನಲ್ಲೋ ಕೊಂಕಣಿಯಲ್ಲೋ, ಬರೆಯುವುದು ಕನ್ನಡದಲ್ಲಿ. ಹೆಂಗಸೊಬ್ಬಳು ‘ಎಂಕ್ಲೆಗ್ ನೀರ್ ಇಜ್ಜಿ’ ಎಂದರೆ, ನಮಗೆ ನೀರಿಲ್ಲ ಎಂದಷ್ಟೇ ಅರ್ಥ. ಅದು ಪತ್ರಿಕೆಗೆ ಬರುವಾಗ ‘ಕುಡಿಯುವ ನೀರಿನ ತೀವ್ರ ಅಭಾವದಿಂದ ಗ್ರಾಮಸ್ಥರು ಪರಿತಪಿಸುತ್ತಿದ್ದಾರೆ’ ಎಂದಾಗಿರುತ್ತದೆ. ಎಷ್ಟು ಮನೆಗೆ ನೀರಿಲ್ಲ, ಎಂದಿನಿಂದ ಇಲ್ಲ, ಪಂಚಾಯತಿಗೆ ಹೇಳಿದ್ದು ಯಾವಾಗ, ಈ ಮೂರೂ ಆ ಭಾರದ ವಾಕ್ಯದಲ್ಲಿ ಇಲ್ಲ. ಆ ಶಿಕ್ಷಕಿ ಅದನ್ನು ತಿದ್ದಿ ಬರೆದು ಓದಿದಾಗ ಹೆಂಗಸಿನ ಮಾತೂ ಉಳಿದಿತ್ತು, ಮನೆಗಳ ಲೆಕ್ಕವೂ ಬಂದಿತ್ತು. ಕನ್ನಡ ಮೇಷ್ಟರಾಗಿ ನನಗೆ ಅಂದು ಆದ ಸಂತೋಷ ತರಗತಿಯಲ್ಲಿ ಅಪರೂಪ.

ಮೂರನೆಯದನ್ನು ನಾನೇ ಹೇಳಿದೆ. ಸಾವಿನ ಸುದ್ದಿಯಲ್ಲಿ ಹೆಸರು, ತಂದೆಯ ಹೆಸರು, ಮನೆಯ ಹೆಸರು, ಈ ಮೂರನ್ನು ಇಬ್ಬರಲ್ಲಿ ಬೇರೆ ಬೇರೆಯಾಗಿ ಕೇಳಬೇಕು. ಅವರಲ್ಲೊಬ್ಬರು ಆ ಮನೆಯವರೇ ಆಗಿರಬೇಕು. ಯಾಕೆಂದೂ ಹೇಳಿದೆ. ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ತಮ್ಮ ತಮ್ಮ ತಪ್ಪುಗಳನ್ನು ಹೇಳತೊಡಗಿದರು. ಮಧ್ಯಾಹ್ನದ ಊಟಕ್ಕೆ ಅಂದು ಬಹಳ ತಡವಾಯಿತು.

ಓದುಗ ಮಹಾಶಯರಲ್ಲಿ ಒಂದು ವಿಜ್ಞಾಪನೆ. ಪತ್ರಿಕೆಗಳು ತಪ್ಪು ಬರೆದಾಗ ನಾವು ಸಿಟ್ಟಾಗುತ್ತೇವೆ, ಸಿಟ್ಟಾಗಬೇಕಾದದ್ದೇ. ಆದರೆ ನಮ್ಮೂರಿನ ಸುದ್ದಿ ಬರೆದವನಿಗೆ ಅದನ್ನು ಯಾರು ಕಲಿಸಿದರು ಎಂದು ನಾವು ಒಮ್ಮೆಯೂ ಕೇಳಿಲ್ಲ. ವರ್ಷಕ್ಕೆ ಎರಡು ದಿನ, ತನಗೆ ಸುದ್ದಿ ಕಳಿಸುವ ಹಳ್ಳಿಯ ವರದಿಗಾರರನ್ನು ಕೂಡಿಸಿ, ಅಂದಿನ ಅವರ ದುಡಿಮೆಯ ನಷ್ಟವನ್ನು ತುಂಬಿಕೊಟ್ಟು ಪಾಠ ಹೇಳಿಸುವುದು ಯಾವ ಪತ್ರಿಕೆಗೂ ಭಾರವಾಗದು. ನಮ್ಮ ಸುತ್ತಲಿನ ಇಷ್ಟೊಂದು ಕಾಲೇಜುಗಳು ತಮ್ಮ ವಿಭಾಗದ ಬಾಗಿಲನ್ನು ಒಂದು ಭಾನುವಾರ ಅವರಿಗೆ ತೆರೆದರೆ ಅದೂ ದೊಡ್ಡ ಖರ್ಚಲ್ಲ. ಕಡೆಂಗೋಡ್ಲು ಅವರ ಕಾಲದಂತೆ ಕನ್ನಡದ ಮೇಷ್ಟರುಗಳೂ ಮತ್ತೆ ಕೈಜೋಡಿಸಬಹುದು.

ಕಮ್ಮಟ ಮುಗಿದು ಹೊರಡುವಾಗ, ಹಿಂದಿನವರು ಎಲ್ಲಿ ಕಲಿತರೆಂದು ಕೇಳಿದ್ದ ಆ ಹಿರಿಯರು ಬಸ್ ನಿಲ್ದಾಣದ ತನಕ ನನ್ನೊಡನೆ ನಡೆದುಬಂದರು. ಪಡುಬಿದ್ರಿಯ ಬಸ್ಸು ಬಂತು. ಹತ್ತುವ ಮೊದಲು ಅವರು ಕಿಸೆಯಿಂದ ಸಣ್ಣ ಪುಸ್ತಕ ತೆಗೆದು, “ಮಾಷ್ಟ್ರೆ, ನಿಮ್ಮ ಮನೆ ಹೆಸರು ಎಂತ? ನಾಳೆ ಸುದ್ದಿಯಲ್ಲಿ ಹಾಕಬೇಕಲ್ಲ” ಎಂದರು. ಹೇಳಿದೆ. ಬರೆದುಕೊಂಡು, ಪುಸ್ತಕವನ್ನು ನನ್ನ ಕಡೆ ತಿರುಗಿಸಿ, ಸರಿಯಿದೆಯೇ ಎಂದು ತೋರಿಸಿದರು.